ಪಟ್ಟಡೆ ಪಕ್ಕದ ಓದು

ವರ್ಗಾವಣೆ ಪತ್ರದ ಅರ್ಜಿಯನ್ನು ಮುಖ್ಯ ಶಿಕ್ಷಕರೇ ಬರೆದಿಟ್ಟಿದ್ದರು. ‘ಮನೆಯ ತೊಂದರೆಯಿಂದಾಗಿ ನನ್ನ ಮಗಳನ್ನು ಶಾಲೆಯಿಂದ ಬಿಡಿಸುತ್ತಿದ್ದೇನೆ’ ಎಂದು ಹುಡುಗಿಯ ಅಪ್ಪನ ಮಾತಿನಲ್ಲಿ, ತಮ್ಮ ಅಕ್ಷರದಲ್ಲಿ. ಕೆಳಗೆ ಸಹಿಗೆ ಮಾತ್ರ ಜಾಗ ಬಿಟ್ಟಿದ್ದರು. ಅಪ್ಪ ಮೇಜಿನ ಈಚೆ ನಿಂತಿದ್ದರು. ಎರಡು ಕುರ್ಚಿ ಖಾಲಿ ಇದ್ದರೂ ಕೂತಿರಲಿಲ್ಲ. ಪಾಂಡವಪುರದ ಆ ಪ್ರೌಢಶಾಲೆಯಿಂದ ಹತ್ತನೇ ತರಗತಿಯ ಹೆಸರುಗಳನ್ನು ಪರೀಕ್ಷೆಗೆ ಕಳಿಸಲು ಒಂದು ವಾರವಷ್ಟೇ ಉಳಿದಿತ್ತು.

ನಾನು ಮಕ್ಕಳ ಆಪ್ತಸಮಾಲೋಚಕಿ. ಸೋಮವಾರ ಶ್ರೀರಂಗಪಟ್ಟಣ, ಮಂಗಳವಾರ ಪಾಂಡವಪುರ, ಬುಧವಾರ ಕೆ.ಆರ್. ಪೇಟೆ, ಗುರುವಾರ ನಾಗಮಂಗಲ ಎಂದು ತಿರುಗುತ್ತ, ಓದಿನಲ್ಲಿ ಗಮನ ನಿಲ್ಲದ, ಅದರಿಂದ ಮನಸ್ಸೂ ಕುಗ್ಗಿದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಆ ಮಂಗಳವಾರ ಬೇರೆ ಯಾವುದೋ ಫೈಲಿಗೆ ಸಹಿ ಹಾಕಿಸಲು ಒಳಗೆ ಹೋದವಳು. ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಇದನ್ನು ಬರೆಯುವಾಗಲೂ ಅದು ಪೂರ್ತಿ ಹೋಗಿಲ್ಲ.

“ಎಂಬತ್ತು ಮಕ್ಕಳು ಮೇಡಂ. ಎಪ್ಪತ್ತೊಂಬತ್ತು ಪಾಸಾಗ್ತವೆ. ಇವಳೊಬ್ಬಳಿಗೋಸ್ಕರ ನಮ್ಮ ನೂರಕ್ಕೆ ನೂರು ಹೋಗಬೇಕಾ?” ಅಂದರು ಮುಖ್ಯ ಶಿಕ್ಷಕರು. ಈ ವರ್ಷ ಮನೆಯಲ್ಲಿರಲಿ, ಮುಂದಿನ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿಕೊಳ್ಳಲಿ, ಬೇಕಾದರೆ ತಾವೇ ಫಾರಂ ತುಂಬಿಕೊಡುವುದಾಗಿಯೂ ಹೇಳಿದರು. ದೊಡ್ಡ ಉಪಕಾರ ಮಾಡುವವರ ಧಾಟಿಯಲ್ಲೇ ಹೇಳಿದರು.

ಅಪ್ಪ ಅಕ್ಕಸಾಲಿ. ಬೆಳ್ಳಿಯ ಕಾಲುಂಗುರ ಮಾಡಿ ಮೈಸೂರಿನ ಅಂಗಡಿಗಳಿಗೆ ಕೊಡುತ್ತಾರೆ. ಅವರು ಜೇಬಿನಿಂದ ಕನ್ನಡಕ ತೆಗೆದು, “ಮೇಷ್ಟ್ರು ಯೋಳುದ್ಮೇಲೆ ಸರಿಯಾಗೇ ಇರ್ತದೆ ಬುಡಿ. ಎಲ್ಲಿ ಆಕ್ಬೇಕು ಸೈನು?” ಅಂದರು.

ನಾನು ಫೋನ್ ತೆಗೆದು ಆ ಅರ್ಜಿಯ ಫೋಟೋ ಹಿಡಿದೆ.

“ಇದ್ಯಾಕೆ ಮೇಡಂ?”

“ಅಪ್ಪನ ಅರ್ಜಿ ನಿಮ್ಮ ಅಕ್ಷರದಲ್ಲಿ ಯಾಕಿದೆ ಅಂತ ಮೇಲಿನವರು ಕೇಳಿದರೆ ತೋರಿಸೋಕೆ ಬೇಕಾಗುತ್ತೆ ಸರ್.”

ಅವರು ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದರು. ಹುಡುಗಿಯ ಹೆಸರು ಪರೀಕ್ಷೆಯ ಪಟ್ಟಿಯಲ್ಲಿ ಹೋಯಿತು. ಹಿಂದಿನ ವರ್ಷ ಫಲಿತಾಂಶದ ಸಭೆಯಲ್ಲಿ ಇವರನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದ್ದರೆಂದು ಆಮೇಲೆ ಗೊತ್ತಾಯಿತು. ಮೇಲಿನವರು ಅವರನ್ನು ನಿಲ್ಲಿಸುತ್ತಾರೆ, ಅವರು ಅಕ್ಕಸಾಲಿಯನ್ನು ನಿಲ್ಲಿಸುತ್ತಾರೆ. ಅರ್ಥವಾಗುತ್ತದೆ. ಅರ್ಥವಾದರೂ ಕ್ಷಮಿಸುವ ಮನಸ್ಸು ನನಗೆ ಬರಲಿಲ್ಲ.

ಮಾರನೆಯ ವಾರದಿಂದ ಆ ಹುಡುಗಿಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಎರಡು ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡುವುದು, ಆ ಕ್ಷಣ ಅವಳ ಗಮನ ಪಾಠದಲ್ಲಿದೆಯೋ ಇಲ್ಲವೋ ಗುರುತು ಹಾಕುವುದು, ಪಕ್ಕದ ಹುಡುಗಿಗೂ ಹಾಗೇ ಹಾಕುವುದು. ಹೋಲಿಸಿ ನೋಡದೆ ಒಬ್ಬಳದನ್ನೇ ಎಣಿಸಿದರೆ ಮೋಸ ಹೋಗುತ್ತೇವೆ. ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಿ ಪಕ್ಕದವಳ ಗುರುತುಗಳೂ ಅರ್ಧಕ್ಕರ್ಧ ‘ಇಲ್ಲ’ವೇ ಆಗಿದ್ದವು. ನಿಜ ಹೇಳಬೇಕೆಂದರೆ ಆ ಪಾಠದಲ್ಲಿ ನನ್ನ ಗಮನವೂ ನಿಲ್ಲಲಿಲ್ಲ. ಆದರೆ ನಮ್ಮ ಹುಡುಗಿಯದು ಎಲ್ಲ ಪೀರಿಯಡ್ಡಿನಲ್ಲೂ ಒಂದೇ ಥರ ಇತ್ತು. ಇಷ್ಟವಾದ ವಿಜ್ಞಾನದಲ್ಲೂ ನಾಲ್ಕು ನಿಮಿಷ ಕಳೆದರೆ ಅವಳು ಎಲ್ಲೋ ಹೋಗಿರುತ್ತಿದ್ದಳು. ಸೀಮೆಸುಣ್ಣ ತರಬೇಕು, ಸ್ಟಾಫ್ ರೂಮಿಗೆ ಪುಸ್ತಕ ಒಯ್ಯಬೇಕು ಅಂದರೆ ಎಲ್ಲ ಮೇಷ್ಟರೂ ಅವಳನ್ನೇ ಕಳಿಸುತ್ತಿದ್ದರು. ಹತ್ತನೇ ತರಗತಿಯ ಅರ್ಧ ಪಾಠ ಅವಳಿಗೆ ಹೀಗೆ ಓಡಾಟದಲ್ಲೇ ಮುಗಿದಿತ್ತು.

ಉತ್ತರ ಪತ್ರಿಕೆಗಳನ್ನು ತರಿಸಿ ನೋಡಿದೆ. ಅಲ್ಲಿ ಒಂದು ವಿಷಯ ಕಾಣಿಸಿತು. ತಪ್ಪು ಉತ್ತರಗಳು ಕಡಿಮೆ, ಅರ್ಧ ಉತ್ತರಗಳು ಜಾಸ್ತಿ. ‘ವ್ಯಾಖ್ಯಾನಿಸಿ, ಚಿತ್ರ ಬರೆಯಿರಿ, ಎರಡು ಉಪಯೋಗ ತಿಳಿಸಿ’ ಎಂದು ಕೇಳಿದ್ದರೆ ವ್ಯಾಖ್ಯಾನ ಬರೆದು, ಚಿತ್ರ ಅರ್ಧ ಬರೆದು, ಮುಂದಿನ ಪ್ರಶ್ನೆಗೆ ಹಾರಿದ್ದಳು. ಬೀಜಗಣಿತದಲ್ಲಿ ಕೊನೆಯ ಹೆಜ್ಜೆಗೆ ಬಂದು ಬಿಟ್ಟಿದ್ದಳು. ಬಾಯಲ್ಲಿ ಕೇಳಿದರೆ ಅದೇ ಹೆಜ್ಜೆಯನ್ನು ಸರಿಯಾಗಿ ಹೇಳಿದಳು. ಪ್ರತಿ ಪತ್ರಿಕೆಯ ಮೇಲೂ ಕೆಂಪು ಶಾಯಿಯಲ್ಲಿ ‘ಸೋಮಾರಿತನ’ ಎಂದು ಬರೆದಿತ್ತು. ಯಾವ ಪುಣ್ಯಾತ್ಮರೂ ಅವಳು ಎಲ್ಲಿ ನಿಲ್ಲಿಸುತ್ತಾಳೆ ಎಂದು ನೋಡಿರಲಿಲ್ಲ.

ಮಾನಸಿಕ ವೈದ್ಯೆಗೆ ತೋರಿಸುವ ಮೊದಲು ಮನೆಯವರೂ ತರಗತಿ ಶಿಕ್ಷಕರೂ ಒಂದೊಂದು ಪ್ರಶ್ನಾವಳಿ ತುಂಬಬೇಕು. ತರಗತಿ ಶಿಕ್ಷಕರು ಎರಡೇ ನಿಮಿಷದಲ್ಲಿ ತುಂಬಿ ಕೊಟ್ಟರು. ಎಲ್ಲ ಗುರುತುಗಳೂ ‘ಯಾವಾಗಲೂ’ ಎಂಬ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಒಂದೇ ಗೆರೆಯಾಗಿ ಇಳಿದಿದ್ದವು. ಸಿಟ್ಟು ಮಾಡುತ್ತಾಳೆ, ಯಾವಾಗಲೂ. ವಸ್ತು ಮುರಿಯುತ್ತಾಳೆ, ಯಾವಾಗಲೂ. ಆ ಹುಡುಗಿ ಒಂದು ಪೆನ್ಸಿಲ್ಲನ್ನೂ ಮುರಿದವಳಲ್ಲ. “ಇನ್ನೊಂದು ಸಲ ಓದಿ ತುಂಬಿ ಸರ್,” ಎಂದು ಹೊಸ ಪ್ರತಿ ಕೊಟ್ಟೆ. ಅವರು ಮುಖ ಊದಿಸಿಕೊಂಡರು. ನಾನು ಅವರು ತುಂಬಿ ಮುಗಿಸುವವರೆಗೂ ಎದುರಿಗೇ ಕೂತಿದ್ದೆ.

ವೈದ್ಯೆ ತಾಲ್ಲೂಕು ಆಸ್ಪತ್ರೆಗಳಿಗೆ ಸರದಿಯ ಮೇಲೆ ಬರುತ್ತಾರೆ. ಪಾಂಡವಪುರದ ಸರದಿ ಆಗಲೇ ಮುಗಿದಿತ್ತು. ಮುಂದಿನದು ನಾಗಮಂಗಲ. ಅಪ್ಪ, ಮಗಳು, ನಾನು ಬೆಳಗಿನ ಬಸ್ಸಿಗೆ ಹೊರಟೆವು. ಹತ್ತಿದಾಗಿನಿಂದ ಇಳಿಯುವವರೆಗೆ ಹುಡುಗಿ ಮಾತಾಡಿದಳು. ದಾರಿಯ ಒಂದೊಂದು ಬೋರ್ಡನ್ನೂ ಓದಿದಳು, ಯಾವುದನ್ನೂ ಕೊನೆಯವರೆಗೆ ಓದಲಿಲ್ಲ. ಅಪ್ಪ ಎರಡು ಸಲ “ಬಾಯಿ ಮುಚ್ಚಮ್ಮಿ ವಸಿ,” ಅಂದರು, ಮೂರನೇ ಸಲಕ್ಕೆ ಅವರೂ ನಕ್ಕುಬಿಟ್ಟರು.

ವೈದ್ಯೆ ಒಂದೂವರೆ ಗಂಟೆ ಕೂತು ನೋಡಿದರು. ಹೊರಗೆ ಸಾಲು ಬೆಳೆಯುತ್ತಿದ್ದರೂ ಅವಸರ ಮಾಡಲಿಲ್ಲ. ಕೊನೆಗೆ ಅಪ್ಪನನ್ನು ಕರೆದು ಹೇಳಿದರು: “ನಿಮ್ಮ ಮಗಳಿಗೆ ಬುದ್ಧಿ ಕಡಿಮೆ ಇಲ್ಲ. ಗಮನವನ್ನ ಬೇಕಾದ ಕಡೆ, ಬೇಕಾದಷ್ಟು ಹೊತ್ತು ಹಿಡಿದಿಡೋದು ಅವಳಿಗೆ ಕಷ್ಟ. ಹುಟ್ಟಿನಿಂದಲೇ ಇರೋ ತೊಂದರೆ ಇದು. ಇಷ್ಟು ವರ್ಷ ಬೈಸಿಕೊಂಡು ಅದಕ್ಕೆ ಹೆದರಿಕೆಯೂ ಸೇರಿಕೊಂಡಿದೆ.”

“ಅಂಗಾರೆ ಸೋಮಾರಿ ಅಲ್ವಾ ತಾಯಿ?”

“ಅಲ್ಲ.”

ಅಪ್ಪ ನೆಲ ನೋಡುತ್ತ ಕೂತರು. “ಒಂದ್ನೇ ಕ್ಲಾಸಿಂದ ಸೋಮಾರಿ ಅಂತ ಒಡ್ದಿವ್ನಿ ಇದ್ಕೆ,” ಅಂದರು. ಆಮೇಲೆ ಮಾತ್ರೆಯ ಬಗ್ಗೆ ಕೇಳಿದರು, ಮಂಕಾಗುತ್ತಾಳಾ, ಅಭ್ಯಾಸವಾಗಿಬಿಡುತ್ತದಾ ಎಂದು. ವೈದ್ಯೆ ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟರು. ತೂಕ, ರಕ್ತದೊತ್ತಡ ನೋಡಿ ಸಣ್ಣ ಪ್ರಮಾಣದಲ್ಲಿ ಮಾತ್ರೆ ಶುರುವಾಯಿತು. ಮೊದಲ ವಾರ ಊಟ ಸೇರಲಿಲ್ಲ, ಎರಡನೇ ವಾರಕ್ಕೆ ಸರಿಹೋಯಿತು. ಬೆಳಗಿನ ಪೀರಿಯಡ್ಡುಗಳಲ್ಲಿ ನನ್ನ ಗುರುತುಗಳು ಸ್ವಲ್ಪ ಸುಧಾರಿಸಿದವು. ಮಾತ್ರೆಯೊಂದರಿಂದಲೇ ಎಲ್ಲವೂ ಆಗುವುದಿಲ್ಲ, ಓದುವ ರೀತಿಯನ್ನೂ ಬದಲಿಸಬೇಕು ಎಂದು ವೈದ್ಯೆ ಹೇಳಿದ್ದರು. ಆ ಭಾಗ ನನ್ನ ಕೆಲಸ.

ಅಲ್ಲಿಯವರೆಗೆ ನನ್ನ ಸಿಟ್ಟೆಲ್ಲ ಬೇರೆಯವರ ಮೇಲಿತ್ತು. ಮುಂದೆ ನಡೆದದ್ದು ನನ್ನದೇ ತಪ್ಪು.

ಮನೆ ನೋಡಲು ಹೋದೆ. ಮುಂಗೋಣೆಯೇ ಪಟ್ಟಡೆ, ಅಂದರೆ ಅಕ್ಕಸಾಲಿ ಕೂತು ಕೆಲಸ ಮಾಡುವ ಜಾಗ. ಅಡಿಗಲ್ಲು, ಬೆಳ್ಳಿ ಉಜ್ಜುವ ಅರ, ಚಿಮಟ, ಊದುಗೊಳವೆ. ಅಪ್ಪ ಅರ ಉಜ್ಜುವ ಸದ್ದು, ತಂತಿ ಬಡಿಯುವ ಸದ್ದು, ಗಿರಾಕಿಗಳ ಮಾತು. ಫ್ಯಾನು ಇದ್ದರೂ ಹಾಕುವ ಹಾಗಿಲ್ಲ, ಬೆಳ್ಳಿಯ ಪುಡಿ ಹಾರುತ್ತದೆ. ಅಪ್ಪನಿಂದ ಒಂದು ಮೊಳ ದೂರದಲ್ಲಿ ಹುಡುಗಿ ಗೋಡೆಗೆ ಒರಗಿ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ನಾನು ನೋಡಿದ ತಕ್ಷಣ ತೀರ್ಪು ಕೊಟ್ಟುಬಿಟ್ಟೆ. ನನ್ನ ಬ್ಯಾಗಿನಲ್ಲಿ ಪೋಷಕರಿಗೆ ಹಂಚುವ ಅಚ್ಚಾದ ಹಾಳೆ ಇರುತ್ತದೆ. ಅದರ ಮೊದಲನೇ ಸಾಲೇ ‘ಸದ್ದುಗದ್ದಲವಿಲ್ಲದ ಪ್ರತ್ಯೇಕ ಜಾಗದಲ್ಲಿ ಓದಲು ಕೂರಿಸಿ’.

“ಈ ಗಲಾಟೆಯಲ್ಲಿ ಯಾರಿಗೆ ತಾನೇ ಗಮನ ನಿಲ್ಲುತ್ತೆ? ಮೊದಲು ಇಲ್ಲಿಂದ ಎಬ್ಬಿಸಿ,” ಅಂದೆ.

ಅವ್ವ ಒಳಬಾಗಿಲಲ್ಲಿ ನಿಂತಿದ್ದವರು, “ಚಿಕ್ಕೋಳಿಂದ್ಲೂ ಇಲ್ಲೇ ಕೂತ್ಕೊಳ್ಳೋದು ಮೇಡಂ, ಒಳಗ್ ಕೂರ್ಸುದ್ರೆ ಎದ್ದೆದ್ ಬತ್ತಾಳೆ,” ಅಂದರು. ಅದು ಮಾಹಿತಿ. ಹದಿನೈದು ವರ್ಷ ಆ ಮಗುವನ್ನು ನೋಡಿದವರು ಕೊಟ್ಟ ಮಾಹಿತಿ. ನಾನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅಪ್ಪ ಶಾಲೆಯ ಮೇಷ್ಟರಿಗೆ ಹೇಗೆ ತಲೆಯಾಡಿಸಿದ್ದರೋ ನನಗೂ ಹಾಗೇ ತಲೆಯಾಡಿಸಿದರು. ಎರಡೇ ದಿನದಲ್ಲಿ ಹುಡುಗಿಯನ್ನು ಶ್ರೀರಂಗಪಟ್ಟಣದಲ್ಲಿರುವ ಸೋದರತ್ತೆಯ ಮನೆಗೆ ಕಳಿಸಿದರು. ಅಲ್ಲಿ ಮಹಡಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದಳು. ನಾನು ಫೈಲಿನಲ್ಲಿ ‘ಸದ್ದಿಲ್ಲದ ಜಾಗ: ವ್ಯವಸ್ಥೆಯಾಗಿದೆ’ ಎಂದು ಬರೆದು, ಪಕ್ಕದಲ್ಲಿ ಸರಿ ಗುರುತನ್ನೂ ಹಾಕಿದೆ.

ಅತ್ತೆಗೆ ಬಹಳ ಖುಷಿ. ಸೋಮವಾರ ಹೋದಾಗಲೆಲ್ಲ, “ಸಂಜೆ ಆರಕ್ಕೆ ಕೂತ್ರೆ ಊಟಕ್ಕೆ ಕರ್ಯೋಗಂಟ ಏಳಲ್ಲ ಕಣಮ್ಮ. ಬಂಗಾರದಂತ ಮಗ,” ಅನ್ನುತ್ತಿದ್ದರು. ನಾನೂ ಹಿಗ್ಗಿದೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನೋಟ್‌ಬುಕ್ ಕೇಳಿದೆ. ಮೂರು ವಾರದಲ್ಲಿ ತುಂಬಿದ್ದು ಒಂದೂವರೆ ಪುಟ. ತಲೆ ಬಗ್ಗಿಸಿ ಕೂತಿದ್ದ ಹುಡುಗಿಯ ಮುಖ ಎತ್ತಿಸಿ ನೋಡಿದೆ. ಎಡಗಣ್ಣಿನ ಹುಬ್ಬು ಇರಲಿಲ್ಲ. ಕಪ್ಪು ಪೆನ್ಸಿಲ್ಲಿನಲ್ಲಿ ಹುಬ್ಬು ಬರೆದುಕೊಂಡಿದ್ದಳು. ಅತ್ತೆ ಅದನ್ನು ವಯಸ್ಸಿಗೆ ಬಂದ ಹುಡುಗಿಯ ಅಲಂಕಾರ ಅಂದುಕೊಂಡಿದ್ದರು.

ಒಂದೊಂದೇ ಕೂದಲು ಕಿತ್ತು ಕಿತ್ತು ಆದದ್ದು ಅದು. ಇಂಥದ್ದನ್ನು ಕಂಡಾಗ ನೇರವಾಗಿ ಕೇಳಬೇಕು, ಸುತ್ತುಬಳಸಬಾರದು ಎಂದು ನಮಗೆ ಕಲಿಸಿರುತ್ತಾರೆ. ಅತ್ತೆಯನ್ನು ಕೆಳಗೆ ಕಳಿಸಿ ಕೇಳಿದೆ. “ಸತ್ತುಹೋಗಬೇಕು ಅಂತ ಅನ್ನಿಸುತ್ತಾ?”

ಅವಳು ನೋಟ್‌ಬುಕ್ ಮುಚ್ಚಿಟ್ಟಳು. ಆಮೇಲೆ, “ಸಾಯ್ಬೇಕು ಅಂತಲ್ಲ ಮೇಡಂ. ಟೀಸಿ ಇಸ್ಕೊಂಡು ಎಲ್ಲಾದ್ರೂ ಓಗ್ಬುಡ್ಬೇಕು ಅಂತ. ಅವತ್ತೇ ಅಪ್ಪ ಸೈನ್ ಆಕಿದ್ರೆ ಚೆಂದಾಗಿತ್ತು,” ಅಂದಳು.

ಹಿಂದಿನ ವಾರವೇ ನೋಟ್‌ಬುಕ್ ಕೇಳಲಿಲ್ಲವೇಕೆ ಎಂದು ನನ್ನನ್ನೇ ಬೈದುಕೊಳ್ಳುತ್ತ ಅಲ್ಲಿಂದಲೇ ವೈದ್ಯೆಗೆ ಫೋನ್ ಮಾಡಿದೆ. ಬೈಗುಳ ಮಾತ್ರೆಯ ಕಡೆ ತಿರುಗಿತು. ಮಾತ್ರೆಯಿಂದಲೇ ಹೀಗಾಗಿದೆ, ನಿಲ್ಲಿಸಿಬಿಡೋಣ ಅಂದೆ. ವೈದ್ಯೆ ನನ್ನ ದನಿ ಇಳಿಯುವವರೆಗೆ ಕಾದರು. “ಇದ್ದರೂ ಇರಬಹುದು. ಮೊದಲು ಏನೇನು ಬದಲಾಯ್ತು ಅಂತ ತಾರೀಕಿನ ಸಮೇತ ಬರೆದು ಕಳಿಸಿ. ಅವಳನ್ನ ಒಬ್ಬಳೇ ಬಿಡಬೇಡಿ,” ಅಂದರು.

ಮಹಡಿಯ ಮೆಟ್ಟಿಲ ಮೇಲೆ ಕೂತು ಬರೆದೆ. ಮಾತ್ರೆ ಶುರುವಾದ ದಿನ. ಊಟ ಬಿಟ್ಟದ್ದು, ಮತ್ತೆ ಸೇರಿದ್ದು. ಶಾಲೆಯಲ್ಲಿ ಗುರುತುಗಳು ಸುಧಾರಿಸಿದ್ದು. ಆಮೇಲೆ ಈ ಕೋಣೆ. ಕೋಣೆಗೆ ಬಂದ ಮೂರನೇ ದಿನದಿಂದ ಕೂದಲು ಕೀಳಲು ಶುರು ಮಾಡಿದ್ದಾಗಿ ಹುಡುಗಿಯೇ ಹೇಳಿದಳು. ಬರೆದ ಕ್ರಮದಲ್ಲಿ ಓದಿದರೆ ಬೇರೆ ಯಾರನ್ನೂ ಬೈಯಲು ಜಾಗ ಇರಲಿಲ್ಲ.

“ಇಲ್ಲಿ ಏನಾಗುತ್ತೆ ನಿನಗೆ?” ಎಂದು ಕೇಳಿದೆ.

“ಇಲ್ಲಿ ಸದ್ದೇ ಇಲ್ಲ ಮೇಡಂ. ನನ್ ತಲೆ ಒಳಗಿನ್ ಸದ್ದೇ ಕೇಳ್ತದೆ. ಅಲ್ಲಿ ಅಪ್ಪ ಅರ ಉಜ್ಜುತಾ ಇದ್ರೆ ಅದು ಕೇಳಾಕಿಲ್ಲ.”

“ಮೊದಲೇ ಯಾಕೆ ಹೇಳಲಿಲ್ಲ?”

“ನೀವೇ ತಾನೇ ಇಲ್ಲಿಗ್ ಕಳ್ಸಿದ್ದು,” ಅಂದಳು. ದೂರುವ ಧಾಟಿ ಇರಲಿಲ್ಲ. ಸುಮ್ಮನೆ ನಡೆದದ್ದನ್ನು ಹೇಳಿದಳು.

ಅವತ್ತೇ ಸಂಜೆ ಅಪ್ಪನನ್ನು ಕರೆಸಿ ಗಂಟುಮೂಟೆ ಕಟ್ಟಿಸಿದೆ. ಅತ್ತೆಗೆ ಬೇಸರವಾಯಿತು. “ಬಣ್ಣ ಒಡ್ಸಿ ಕ್ವಾಣೆ ಮಾಡ್ಕೊಟ್ಟೆ, ಯಾರ್ ಏನಂದ್ರು?” ಅಂದರು. ಯಾರೂ ಏನೂ ಅನ್ನಲಿಲ್ಲ, ತಪ್ಪು ನನ್ನದು ಎಂದು ಅವರಿಗೂ ಹೇಳಿದೆ, ಅಪ್ಪನಿಗೂ ಹೇಳಿದೆ. ತಪ್ಪಾಯಿತು ಎಂದು ಮೇಡಂ ಒಬ್ಬರು ಹೇಳುವುದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಅವರಿಬ್ಬರಿಗೂ ತಿಳಿಯಲಿಲ್ಲ. ಕಾಫಿ ತಂದುಕೊಟ್ಟರು.

ಮಾತ್ರೆಯನ್ನು ವೈದ್ಯೆ ನಿಲ್ಲಿಸಲಿಲ್ಲ. ವಾರಕ್ಕೆರಡು ಸಲ ಫೋನಿನಲ್ಲಿ ಹುಡುಗಿಯ ಜೊತೆ ಅವರೇ ಮಾತಾಡತೊಡಗಿದರು. ನಾನು ಈ ಸಲ ಅಚ್ಚಾದ ಹಾಳೆಯನ್ನು ಬ್ಯಾಗಿನಲ್ಲೇ ಬಿಟ್ಟು, ಪಟ್ಟಡೆಯ ಮೂಲೆಯಲ್ಲಿ ಎರಡು ಸಂಜೆ ಸುಮ್ಮನೆ ಕೂತು ನೋಡಿದೆ.

ಅಪ್ಪ ಕೆಲಸ ಮಾಡುವುದೇ ಸಣ್ಣ ಸಣ್ಣ ತುಂಡುಗಳಲ್ಲಿ. ನಾಲ್ಕು ಜೊತೆ ಕಾಲುಂಗುರಕ್ಕೆ ಬೇಕಾಗುವಷ್ಟೇ ಬೆಳ್ಳಿ ತೂಗಿ ಎತ್ತಿಕೊಳ್ಳುತ್ತಾರೆ. ತಂತಿ ಸುತ್ತಿ, ಕತ್ತರಿಸಿ, ಬೆಸೆಯುತ್ತಾರೆ. ಮತ್ತೆ ತೂಗುತ್ತಾರೆ. ಅರ ಹಾಕುತ್ತಾರೆ. ಮತ್ತೆ ತೂಗುತ್ತಾರೆ. ಮಡಿಲಲ್ಲಿ ಹಾಸಿದ ತೊಗಲಿನ ಮೇಲೆ ಬಿದ್ದ ಪುಡಿಯನ್ನು ಕುಂಚದಿಂದ ಗುಡಿಸಿ ಡಬ್ಬಿಗೆ ಹಾಕದೆ ಏಳುವುದಿಲ್ಲ. ಬಾಗಿಲಲ್ಲಿ ಯಾರು ಬಂದು ಕರೆದರೂ ಅಷ್ಟೇ. “ಅರ್ದಕ್ ಎದ್ರೆ ಮಾಲು ಓಯ್ತದೆ,” ಅಂದರು ನಾನು ಕೇಳಿದಾಗ. ಒಂದು ಸುತ್ತು ಮುಗಿಯಲು ಕಾಲು ಗಂಟೆ ಹಿಡಿಯುತ್ತಿತ್ತು. ಆ ಕಾಲು ಗಂಟೆ ಹುಡುಗಿಯೂ ಪುಸ್ತಕದಲ್ಲಿರುತ್ತಿದ್ದಳು. ಅರದ ಸದ್ದು ನಿಂತಾಗ ತಲೆಯೆತ್ತುತ್ತಿದ್ದಳು, ಮತ್ತೆ ಶುರುವಾದಾಗ ತಗ್ಗಿಸುತ್ತಿದ್ದಳು. ಯಾರೂ ಹೇಳಿಕೊಡದೆ ಅವಳು ಹತ್ತು ವರ್ಷದಿಂದ ಹೀಗೇ ಓದಿಕೊಂಡು ಬಂದಿದ್ದಳು. ನಾನು ಹೋಗಿ ಅದನ್ನೇ ಕಿತ್ತು ಹಾಕಿದ್ದೆ.

ಹೊಸ ಕ್ರಮ ಅಲ್ಲೇ ಹುಟ್ಟಿತು. ಅಪ್ಪನ ಕೆಲಸದ ಒಂದು ಸುತ್ತು ಮುಗಿಯುವುದರೊಳಗೆ ಇವಳ ಒಂದು ಪ್ರಶ್ನೆ. ಶುರು ಮಾಡುವ ಮೊದಲು ಪ್ರಶ್ನೆಯಲ್ಲಿ ಎಷ್ಟು ಕೇಳಿದ್ದಾರೆ ಎಂದು ಎಣಿಸಿ, ಒಂದೊಂದರ ಕೆಳಗೂ ಗೆರೆ ಎಳೆಯಬೇಕು. ಬರೆದಾದ ಮೇಲೆ ಅಪ್ಪ ನೋಡಬೇಕು. ಅಪ್ಪ ಓದಿದ್ದು ಏಳನೇ ತರಗತಿ. “ನಂಗೆ ಬೀಜಗಣಿತ ಎಲ್ ಬತ್ತದೆ ಮೇಡಂ?” ಎಂದು ಹಿಂಜರಿದರು. ಉತ್ತರ ಸರಿಯೋ ತಪ್ಪೋ ಎಂದು ನೋಡುವುದು ಬೇಡ, ಕೇಳಿದಷ್ಟು ಕೊಟ್ಟಿದ್ದಾಳಾ ಎಂದು ಮಾತ್ರ ನೋಡಿ ಅಂದೆ. ಅದು ಅವರಿಗೆ ಬರುವ ಕೆಲಸ. ಕನ್ನಡಕ ಏರಿಸಿ, ಗೆರೆಗಳ ಮೇಲೆ ಚಿಮಟದ ತುದಿ ಇಟ್ಟು ಎಣಿಸುವರು. “ಇಲ್ನೋಡು, ಮೂರು ಕೇಳವ್ರೆ, ಎರಡು ಕೊಟ್ಟಿದ್ದೀಯ. ಇನ್ನೊಂದು ಎಲ್ಲಿ?” ಅವಳು ಪುಸ್ತಕ ಇಸಿದುಕೊಂಡು ಮೂರನೆಯದನ್ನು ಬರೆಯುವಳು. ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ಜೊತೆ ತಪ್ಪಿದ ಕಾಲುಂಗುರವನ್ನು ಯಾರೂ ಬಯ್ಯುವುದಿಲ್ಲವಲ್ಲ.

ಎಲ್ಲ ದಿನವೂ ನೆಟ್ಟಗಿರಲಿಲ್ಲ. ಒಂದು ಮಂಗಳವಾರ ನಾನು ಹೋದಾಗ ಪುಸ್ತಕವನ್ನು ಅಡಿಗೆಮನೆಗೆ ಎಸೆದು ಕೂತಿದ್ದಳು. ಇನ್ನೊಂದು ದಿನ ಹುಬ್ಬಿನ ಜಾಗಕ್ಕೆ ಕೈ ಹೋಗಿತ್ತು. ಅವ್ವ ಅದಕ್ಕೊಂದು ಉಪಾಯ ಕಂಡುಕೊಂಡರು: ಎಡಗೈಗೆ ಒಂದು ತುಂಡು ಬೆಳ್ಳಿ ತಂತಿ ಕೊಟ್ಟರು, ಸುತ್ತುತ್ತ, ಬಿಚ್ಚುತ್ತ ಇರಲಿ ಎಂದು. ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಐದು ವಿಷಯ ಪಾಸಾಯಿತು, ಗಣಿತ ಹೋಯಿತು. ಗಣಿತದಲ್ಲಿ ಬರೆದದ್ದೆಲ್ಲ ಪೂರ್ತಿ ಇತ್ತು, ಬರೆಯಲು ಸಮಯ ಸಾಲಲಿಲ್ಲ.

ಹಾಗಾಗಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬೇಕಿತ್ತು. ವೈದ್ಯೆಯ ಪತ್ರ ಹಿಡಿದು ಶಾಲೆಗೆ ಹೋದೆ. ಅರ್ಜಿಯ ಕೊನೆಯ ದಿನಕ್ಕೆ ನಾಲ್ಕು ದಿನ ಉಳಿದಿತ್ತು. ಮುಖ್ಯ ಶಿಕ್ಷಕರು ಈ ಸಲ ಬಹಳ ಮರ್ಯಾದೆಯಿಂದ ಕೂರಿಸಿದರು. ಅವರ ಮುಂದಿದ್ದ ಫಾರಂನಲ್ಲಿ ತೊಂದರೆಗಳ ಪಟ್ಟಿ ಇತ್ತು. ಕಣ್ಣು, ಕಿವಿ, ಕೈಕಾಲು, ಹೀಗೆ. ನಮ್ಮ ಹುಡುಗಿಯ ತೊಂದರೆಗೆ ಅದರಲ್ಲಿ ಸಾಲು ಇರಲಿಲ್ಲ.

“ಅದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ ಮೇಡಂ? ಬುದ್ಧಿಮಾಂದ್ಯ ಅಂತ ಹಾಕೋಣ. ಬರೆಯೋಕೆ ಒಂಬತ್ತನೇ ಕ್ಲಾಸಿನ ಒಳ್ಳೆ ಹುಡುಗಿ ಕೊಡ್ತೀನಿ. ಚುರುಕಿದ್ದಾಳೆ, ಎಲ್ಲಾ ಅವಳೇ ನೋಡ್ಕೋತಾಳೆ. ಇವಳು ಸುಮ್ನೆ ಪಕ್ಕದಲ್ಲಿ ಕೂತಿದ್ದರೆ ಸಾಕು. ಪಾಸು ಗ್ಯಾರಂಟಿ. ನಿಮಗೂ ಒಳ್ಳೇದು, ನಮಗೂ ಒಳ್ಳೇದು.”

ನವೆಂಬರಿನಲ್ಲಿ ಇದೇ ಮನುಷ್ಯ ಆ ಹುಡುಗಿಯನ್ನು ಶಾಲೆಯಿಂದ ಅಳಿಸಲು ಹೊರಟಿದ್ದರು. ಈಗ ಅವಳ ಉತ್ತರ ಪತ್ರಿಕೆಯಿಂದಲೇ ಅಳಿಸಲು ಹೊರಟಿದ್ದರು. ಕೈಬರಹ ಬಾರದ ಮಕ್ಕಳಿಗೆ, ಕಣ್ಣು ಕಾಣದ ಮಕ್ಕಳಿಗೆ ಅವರು ಹೇಳಿದ್ದನ್ನು ಬರೆದುಕೊಡಲಿ ಎಂದು ಇರುವ ಸೌಲಭ್ಯ ಅದು. ಅದನ್ನು ಹೀಗೆ ಬಳಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೇಲಿನ ಕಚೇರಿಗೆ ಫೋನ್ ಮಾಡಿದೆ. ವೈದ್ಯೆಯ ಪತ್ರ ಸೇರಿಸಿ ಬೇರೆ ಅರ್ಜಿ ಕೊಡಬಹುದು, ತೀರ್ಮಾನ ಬರಲು ತಿಂಗಳಾಗಬಹುದು ಅಂದರು. ಪರೀಕ್ಷೆಗೆ ತಿಂಗಳೂ ಇರಲಿಲ್ಲ. ಆದರೂ ಕೊಟ್ಟೆ. ಅದಕ್ಕೆ ಇವತ್ತಿನವರೆಗೆ ಉತ್ತರ ಬಂದಿಲ್ಲ.

ಉಳಿದದ್ದು ಒಂದೇ ಪ್ರಶ್ನೆ. ಮುಖ್ಯ ಶಿಕ್ಷಕರು ಹೇಳಿದ ದಾರಿ ಹಿಡಿದರೆ ಹುಡುಗಿ ಪಾಸು. ಬಿಟ್ಟರೆ ಗಣಿತ ಹೋಗುವುದು ಬಹುತೇಕ ಖಂಡಿತ. ಫೇಲಾದ ಮೇಲೆ ಮತ್ತೆ ಹುಬ್ಬು ಕಿತ್ತುಕೊಳ್ಳಲು ಕೂತರೆ? ಆ ಭಯ ನನಗೆ ಚೆನ್ನಾಗಿಯೇ ಇತ್ತು. ಒಂದು ಸಲ ಅವಳ ಪರವಾಗಿ ತೀರ್ಮಾನ ಮಾಡಿ ಕೈ ಸುಟ್ಟುಕೊಂಡವಳು ನಾನು. ಈ ಸಲ ಎರಡೂ ದಾರಿಗಳನ್ನು ಮುಚ್ಚುಮರೆಯಿಲ್ಲದೆ ಮನೆಯವರ ಮುಂದೆ ಇಡುವುದೆಂದು ನಿರ್ಧರಿಸಿದೆ. ಪಟ್ಟಡೆಯಲ್ಲೇ ಕೂತು, ಫಾರಂ ತೋರಿಸಿ, ಅದರಲ್ಲಿ ಏನು ಬರೆಯುತ್ತಾರೆ, ಪರೀಕ್ಷೆಯಲ್ಲಿ ಏನಾಗುತ್ತದೆ, ಬರೆಯದಿದ್ದರೆ ಏನಾಗಬಹುದು, ಎಲ್ಲ ಹೇಳಿದೆ.

ಅಪ್ಪ ಅರ ಕೆಳಗಿಟ್ಟರು. “ಬುದ್ದಿ ಇಲ್ಲ ಅಂತ ಬರ್ಸುದ್ರೆ ಪಾಸು ಮಾಡ್ತಾರಾ?”

“ಹೌದು.”

“ಬುದ್ದಿ ಅದೆ ಅಂತ ಡಾಕ್ಟ್ರಮ್ಮ ಯೋಳವ್ರಲ್ಲ.” ಅವರು ಮಗಳ ಕಡೆ ತಿರುಗಿದರು. “ನೀನೇ ಯೋಳಮ್ಮಿ. ಬರ್ಯೋಳು ನೀನು.”

ಹುಡುಗಿ ಫಾರಂ ಎತ್ತಿಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು. ಬೋರ್ಡುಗಳನ್ನೂ ಪೂರ್ತಿ ಓದದ ಹುಡುಗಿ ಹಿಂದಿನ ಪುಟದ ಸಣ್ಣ ಅಕ್ಷರವನ್ನೂ ಓದಿದಳು. “ಆ ಒಂಬತ್ನೇ ಕ್ಲಾಸೋಳು ನನ್ನ ಏನಂತ ಅಂದ್ಕೊತಾಳೆ?” ಅಂದಳು. ಆಮೇಲೆ, “ನಾನೇ ಬರೀತೀನಿ. ಗಣಿತ ಓಗಾದ್ರೆ ಓಗ್ಲಿ,” ಅಂದಳು.

ಮುಖ್ಯ ಶಿಕ್ಷಕರಿಗೆ ಫಾರಂ ವಾಪಸು ಕೊಟ್ಟಾಗ ಅವರು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. “ಅವಳ ಭವಿಷ್ಯ ಹಾಳು ಮಾಡ್ತಿದ್ದೀರಿ,” ಅಂದರು. ನವೆಂಬರಿನ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ ಎಂದಷ್ಟೇ ಹೇಳಿ ಎದ್ದು ಬಂದೆ. ಅದು ಉತ್ತರವಾಗಿರಲಿಲ್ಲ, ಬರೀ ಸಿಟ್ಟು.

ಮಾರ್ಚಿನಲ್ಲಿ ಪರೀಕ್ಷೆ ನಡೆಯಿತು. ಹೆಚ್ಚಿನ ಸಮಯ ಇಲ್ಲ, ಮುಂದಿನ ಬೆಂಚಿಲ್ಲ, ಎಲ್ಲರ ಹಾಗೇ ಮೂರನೇ ಸಾಲಿನಲ್ಲಿ ನಂಬರು ಬಿದ್ದಿತ್ತು. ಗಣಿತದ ದಿನ ನಾನು ಕೆ.ಆರ್. ಪೇಟೆಯ ಶಾಲೆಯೊಂದರಲ್ಲಿದ್ದೆ. ಅವತ್ತು ಅಲ್ಲಿ ಯಾವ ಮಗುವಿನ ಮಾತೂ ನನ್ನ ತಲೆಗೆ ನೆಟ್ಟಗೆ ಇಳಿಯಲಿಲ್ಲ. ಹೊರಬಂದ ಮೇಲೆ ಹೇಗಾಯಿತು ಎಂದು ಅವಳನ್ನು ಕೇಳಬಾರದು, ನಾಳಿನ ವಿಷಯ ಮಾತ್ರ ಮಾತಾಡಬೇಕು ಎಂದು ಮನೆಯವರಿಗೆ ಹೇಳಿಟ್ಟಿದ್ದೆ. ನಾನೂ ಕೇಳಲಿಲ್ಲ.

ಫಲಿತಾಂಶದ ದಿನ ಹನ್ನೊಂದು ಗಂಟೆಗೆ ಮುಖ್ಯ ಶಿಕ್ಷಕರ ಫೋನು ಬರುತ್ತದೆ ಎಂದು ಕಾದಿದ್ದೆ, ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅದಕ್ಕಿಂತ ಮೊದಲೇ ಅವಳ ಫೋನು ಬಂತು.

“ಮೇಡಂ, ಐದ್ ಪಾಸಾಯ್ತು. ಗಣಿತ ಓಯ್ತು. ಇಪ್ಪತ್ನಾಕು.”

ನನಗೆ ಮೊದಲು ಬಂದದ್ದು ಸಿಟ್ಟೇ. ಆ ಫಾರಂ ಮೇಲೆ, ಆ ಕಚೇರಿ ಮೇಲೆ, ಇನ್ನೊಂದು ಇಪ್ಪತ್ತು ನಿಮಿಷ ಕೊಡಲಾರದವರ ಮೇಲೆ. ಆಮೇಲೆ ಭಯ. ನೀನು ಎಲ್ಲಿದ್ದೀಯ, ಪಕ್ಕದಲ್ಲಿ ಯಾರಿದ್ದಾರೆ, ಊಟ ಆಯ್ತಾ ಎಂದು ಒಂದೇ ಉಸಿರಿನಲ್ಲಿ ಕೇಳಿದೆ.

“ಅಪ್ಪ ಅವ್ರೆ. ನೀವ್ ಎದ್ರುಕೋಬ್ಯಾಡಿ,” ಅಂದಳು. “ಇಪ್ಪತ್ನಾಕೂ ನಂದೇ ಮೇಡಂ.”

ಎರಡನೇ ಪರೀಕ್ಷೆಯ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಅವಳೇ ಕೇಳಿದಳು. ಮುಖ್ಯ ಶಿಕ್ಷಕರ ಕೋಣೆಯಲ್ಲಿ, ಸಂಜೆಯೊಳಗೆ ಬರುತ್ತೇನೆ, ಒಟ್ಟಿಗೆ ಹೋಗೋಣ ಅಂದೆ.

“ನೀವ್ ಬರ್ಬ್ಯಾಡಿ,” ಅಂದಳು. “ನೀವ್ ಬಂದ್ರೆ ಜಗಳ ಆಯ್ತದೆ. ನಾನೇ ಓಗಿ ಇಸ್ಕೊತೀನಿ.”

ನಾನು ಹೋಗಲಿಲ್ಲ.